ಫಂಕ್ಷನ್ ಹೆಸರು ಸಾಲದು, ಪರದೆಯ ಮೇಲೆ ಏನಾಯಿತು ಬರೆಯಿರಿ

ಆತ್ಮೀಯರೇ, ನಮಸ್ಕಾರ.

ನಾಪೋಕ್ಲಿನಿಂದ ನೀವು ಕಳುಹಿಸಿದ ‘ಇಮ್ಯಾಕ್ಸ್ ಪರದೆ ಫಂಕ್ಷನ್‌ಗಳು: ಕನ್ನಡ ಕೈಪಿಡಿ’ ಎಂಬ ಬರಹ, ಅಂದರೆ ಇಮ್ಯಾಕ್ಸ್ ಎಂಬ ಪಠ್ಯ ಸಂಪಾದನೆಯ ತಂತ್ರಾಂಶದಲ್ಲಿ ಪರದೆಗೆ ಸಂಬಂಧಿಸಿದ ಫಂಕ್ಷನ್‌ಗಳ (ಹೆಸರು ಹಿಡಿದು ಕರೆಯುವ ಸಿದ್ಧ ಆಜ್ಞೆಗಳ) ವಿವರಣೆ, ತಲುಪಿದೆ. ಪೂರ್ತಿ ಓದಿದ್ದೇನೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ಕೊನೆಗೆ ಜೋಡಿಸಿರುವ ಮಳೆ ಲೆಕ್ಕದ ಪ್ರೋಗ್ರಾಂ ಇಲ್ಲದೇ ಹೋಗಿದ್ದರೆ ನನ್ನ ಉತ್ತರ ಇಲ್ಲಿಗೇ ಮುಗಿಯುತ್ತಿತ್ತು. ಅದು ಇರುವುದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟಗಳನ್ನು ತೆಗೆದುಹಾಕಿ. ರಿಚರ್ಡ್ ಸ್ಟಾಲ್‌ಮನ್ ಗ್ನೂ ಇಮ್ಯಾಕ್ಸ್ ಕೆಲಸವನ್ನು 1984ರಲ್ಲಿ ಆರಂಭಿಸಿದರು, ಅದು ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ ಎನ್ನಲು ಒಂದು ವಾಕ್ಯ ಸಾಕು. ಸ್ವತಂತ್ರ ತಂತ್ರಾಂಶದ ಹಿರಿಮೆಯ ಬಗ್ಗೆ ನನಗೂ ಗೌರವವಿದೆ. ಆದರೆ ನಿಮ್ಮ ಓದುಗ ಬಂದಿರುವುದು ಪರದೆಯ ಮೇಲೆ ಅಕ್ಷರ ಹೇಗೆ ಮೂಡಿಸುವುದು ಎಂದು ತಿಳಿಯಲು.

ಈಗ ಬರಹದ ಒಡಲಿಗೆ ಬರೋಣ. ಸಾಲು ಸಾಲಾಗಿ ಫಂಕ್ಷನ್‌ಗಳನ್ನು ಕೊಟ್ಟು, ಪ್ರತಿಯೊಂದರ ಮುಂದೆ ‘ಇದು ಪಠ್ಯವನ್ನು ತೋರಿಸುತ್ತದೆ’, ‘ಇದು ಪರದೆಯನ್ನು ನವೀಕರಿಸುತ್ತದೆ’, ‘ಇದು ಅಗಲವನ್ನು ಕೊಡುತ್ತದೆ’ ಎಂದು ಬರೆದಿದ್ದೀರಿ. ಹೆಸರು ಓದಿದವರಿಗೆ ಅಷ್ಟು ಮೊದಲೇ ಗೊತ್ತು. ಎಲ್ಲಿ ತೋರಿಸುತ್ತದೆ, ಯಾವಾಗ ತೋರಿಸುತ್ತದೆ, ಏನನ್ನು ಹಿಂದಿರುಗಿಸುತ್ತದೆ, ಯಾವ ಸಂದರ್ಭದಲ್ಲಿ ತೋರಿಸುವುದೇ ಇಲ್ಲ: ಕೈಪಿಡಿ ತೆರೆಯುವುದೇ ಇಷ್ಟನ್ನು ತಿಳಿಯಲು. ನಿಮ್ಮ ಬರಹದಲ್ಲಿ ಇಲ್ಲದಿರುವುದೂ ಇಷ್ಟೇ.

‘ಮೆಸೇಜ್’ ಫಂಕ್ಷನ್ನನ್ನೇ ತೆಗೆದುಕೊಳ್ಳಿ. ‘ಸಂದೇಶ ತೋರಿಸುತ್ತದೆ’ ಎಂದು ಬರೆದು ಮುಂದೆ ಹೋಗಿದ್ದೀರಿ. ಆ ಸಂದೇಶ ಪರದೆಯ ತಳದ ಎಕೋ ಏರಿಯಾದಲ್ಲಿ ಕಾಣುತ್ತದೆ, ಜೊತೆಗೆ ಇಮ್ಯಾಕ್ಸ್ ತನ್ನೊಳಗೆ ಪಠ್ಯ ಇಟ್ಟುಕೊಳ್ಳುವ ‘ಮೆಸೇಜಸ್’ ಬಫರ್‌ನಲ್ಲಿ ದಾಖಲಾಗುತ್ತದೆ. ಪರದೆಯೇ ಇಲ್ಲದ ಬ್ಯಾಚ್ ರೂಪದಲ್ಲಿ ಓಡಿಸಿದರೆ ದೋಷ ಸಂದೇಶಗಳು ಹೊರಬೀಳುವ ಸ್ಟ್ಯಾಂಡರ್ಡ್ ಎರರ್‌ಗೆ ಹೋಗುತ್ತದೆ. ಇದಕ್ಕಿಂತ ಮುಖ್ಯವಾದದ್ದು, ಅದರ ಮೊದಲ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ನಾವು ಕೊಡುವ ಮೌಲ್ಯ) ಬರೀ ಪಠ್ಯವಲ್ಲ, ಫಾರ್ಮ್ಯಾಟ್ ಸ್ಟ್ರಿಂಗ್, ಅಂದರೆ ಶೇಕಡಾ ಚಿಹ್ನೆ ಇರುವಲ್ಲಿ ಬೇರೆ ಮೌಲ್ಯ ತುಂಬಿಸಿಕೊಳ್ಳುವ ಅಚ್ಚು. ನಿಮ್ಮದೇ ಪ್ರೋಗ್ರಾಂನಲ್ಲಿ ಷರಾ ಕಲಂನ ಪಠ್ಯವನ್ನು ನೇರವಾಗಿ ‘ಮೆಸೇಜ್’ಗೆ ಕೊಟ್ಟಿದ್ದೀರಿ. ಆ ಕಲಂನಲ್ಲಿ ಯಾರಾದರೂ ‘ತೇವಾಂಶ 95%’ ಎಂದು ಬರೆದ ದಿನ ಪ್ರೋಗ್ರಾಂ ದೋಷ ತೋರಿಸಿ ನಿಲ್ಲುತ್ತದೆ, ಏಕೆಂದರೆ ಶೇಕಡಾ ಚಿಹ್ನೆಯ ನಂತರ ಇನ್ನೊಂದು ಅಕ್ಷರವನ್ನು ಅದು ನಿರೀಕ್ಷಿಸುತ್ತದೆ. ಶೇಕಡಾ ಚಿಹ್ನೆ ಮತ್ತು ‘ಎಸ್’ ಸೇರಿದ ಸ್ಟ್ರಿಂಗನ್ನು ಮೊದಲು ಕೊಟ್ಟು, ಷರಾವನ್ನು ಎರಡನೆಯ ಆರ್ಗ್ಯುಮೆಂಟಾಗಿ ಕೊಡಬೇಕು. ಆಷಾಢದ ಕೊಡಗಿನಲ್ಲಿ ತೇವಾಂಶ ಬರೆಯದ ರಿಜಿಸ್ಟರ್ ಇರುತ್ತದೆಯೇ? ಬರಹದ ಅತ್ಯುತ್ತಮ ಉದಾಹರಣೆ ನಿಮ್ಮ ಕೈಯಲ್ಲೇ ಇತ್ತು, ನೀವು ಅದನ್ನು ಓಡಿಸಿ ನೋಡಲಿಲ್ಲ.

‘ರೀಡಿಸ್‌ಪ್ಲೇ’ (ಪರದೆಯನ್ನು ಹೊಸದಾಗಿಸುವ ಫಂಕ್ಷನ್) ಬಗ್ಗೆ ಬರೆದದ್ದು ಅಪೂರ್ಣವಷ್ಟೇ ಅಲ್ಲ, ತಪ್ಪು. ಅದು ‘ಟಿ’ (ಹೌದು ಎಂಬ ಬೆಲೆ) ಹಿಂದಿರುಗಿಸಿದರೆ ಪರದೆ ಪೂರ್ತಿ ಹೊಸದಾಗಿದೆ ಎಂದರ್ಥ ಎಂದಿದ್ದೀರಿ. ಮೂಲ ಕೈಪಿಡಿ ಹೇಳುವುದು ಬೇರೆ: ಪರದೆಯನ್ನು ಹೊಸದಾಗಿಸುವ ಪ್ರಯತ್ನ ನಡೆಯಿತು ಎಂದಷ್ಟೇ ಅದರ ಅರ್ಥ, ನಡುವೆ ಬಳಕೆದಾರ ಕೀಲಿ ಒತ್ತಿದ್ದರೆ ಆ ಕೆಲಸ ಅರ್ಧಕ್ಕೇ ನಿಂತಿರಬಹುದು. ಆ ಎಚ್ಚರಿಕೆಯ ವಾಕ್ಯವನ್ನೇ ನೀವು ಬಿಟ್ಟಿದ್ದೀರಿ. ಇನ್ನೊಂದು ಮಾತು. ‘ದಿನಗಳ ಸಾಲುಗಳು ಒಂದೊಂದಾಗಿ ಪರದೆಯ ಮೇಲೆ ಇಳಿದು ಬರುತ್ತವೆ’ ಎಂದು ಚೆನ್ನಾಗಿ ಬರೆದಿದ್ದೀರಿ, ಆದರೆ ನೀವು ಕೊಟ್ಟ ಲೂಪ್‌ನಲ್ಲಿ ಹಾಗಾಗುವುದಿಲ್ಲ. ಸಾಮಾನ್ಯವಾಗಿ ಇಮ್ಯಾಕ್ಸ್ ಪರದೆಯನ್ನು ಹೊಸದಾಗಿಸುವುದು ಕೆಲಸ ಮುಗಿಸಿ ಬಳಕೆದಾರನ ಮುಂದಿನ ಕೀಲಿಗಾಗಿ ಕಾಯುವಾಗ. ಲೂಪ್‌ನ ಒಳಗೆ ‘ರೀಡಿಸ್‌ಪ್ಲೇ’ಯನ್ನೋ ಪರದೆ ಹೊಸದಾಗಿಸಿ ಸ್ವಲ್ಪ ಕಾಯುವ ‘ಸಿಟ್-ಫಾರ್’ ಅನ್ನೋ ಕರೆಯದೇ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯೆಲ್ಲ ಒಮ್ಮೆಗೇ ಸುರಿಯುತ್ತದೆ.

ಇನ್ನು ನನಗೆ ನಿಜಕ್ಕೂ ಇಷ್ಟವಾದ ಭಾಗ. ನಿಮ್ಮ ಮಳೆ ರಿಜಿಸ್ಟರ್‌ನಲ್ಲಿ ಎಡಕ್ಕೆ ಊರಿನ ಹೆಸರು, ಬಲಕ್ಕೆ ಇಂಚು ಮತ್ತು ಸೆಂಟ್ (ಇಂಚಿನ ನೂರನೇ ಒಂದು ಭಾಗ). ನಮ್ಮ ತೋಟದ ಮನೆಗಳಲ್ಲಿ ಇವತ್ತಿಗೂ ಮಳೆಯನ್ನು ಬರೆದಿಡುವುದು ಹೀಗೆಯೇ, ಮಿಲಿಮೀಟರ್ ಎಂದರೆ ಹಿರಿಯರು ಇಂಚಿನಲ್ಲಿ ಹೇಳು ಎನ್ನುತ್ತಾರೆ. ಆ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ, ಕ್ಷಮೆ ಕೇಳುವವರಂತೆ, ‘ಕೆಲವು ಊರುಗಳ ಮುಂದೆ ಅಂಕಿಗಳು ನೇರವಾಗಿ ನಿಲ್ಲುತ್ತಿಲ್ಲ’ ಎಂದು ಟಿಪ್ಪಣಿ ಹಾಕಿದ್ದೀರಿ. ಇಡೀ ಲೇಖನ ಇರುವುದು ಆ ಟಿಪ್ಪಣಿಯಲ್ಲಿ.

ಏಕೆ ನಿಲ್ಲುತ್ತಿಲ್ಲ ನೋಡಿ. ನೀವು ‘ಲೆಂಗ್ತ್’ ಬಳಸಿ ಹೆಸರಿನ ಉದ್ದ ಅಳೆದು, ಉಳಿದ ಜಾಗಕ್ಕೆ ಖಾಲಿ ಸ್ಥಳ ತುಂಬಿದ್ದೀರಿ. ‘ಲೆಂಗ್ತ್’ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ‘ಮಡಿಕೇರಿ’ ಕಣ್ಣಿಗೆ ನಾಲ್ಕು ಅಕ್ಷರ, ಸಂಕೇತ 7. ‘ಶಾಂತಳ್ಳಿ’ ಕಣ್ಣಿಗೆ ಮೂರೇ ಅಕ್ಷರ, ಸಂಕೇತ 8. ಶ, ದೀರ್ಘ, ಅನುಸ್ವಾರ, ತ, ಳ, ವಿರಾಮ, ಇನ್ನೊಂದು ಳ, ಗುಡಿಸು. ಹಾಗಾಗಿ ಪರದೆಯ ಮೇಲೆ ಕಡಿಮೆ ಅಕ್ಷರ ಕಾಣುವ ಶಾಂತಳ್ಳಿಗೆ ನಿಮ್ಮ ಪ್ರೋಗ್ರಾಂ ಮಡಿಕೇರಿಗಿಂತ ಕಡಿಮೆ ಖಾಲಿ ಸ್ಥಳ ಕೊಡುತ್ತದೆ, ಅದರ ಅಂಕಿ ಎಡಕ್ಕೆ ಸರಿಯುತ್ತದೆ. ಸಾಲದೆಂಬಂತೆ, ‘ಕೇ’ಯ ದೀರ್ಘವನ್ನು ಎರಡು ಸಂಕೇತಗಳಾಗಿ ಬಿಡಿಸಿಟ್ಟ ಕಡತವೊಂದು ಬಂದರೆ ಅದೇ ಮಡಿಕೇರಿ 8 ಆಗುತ್ತದೆ.

‘ಸ್ಟ್ರಿಂಗ್-ವಿಡ್ತ್’ ಬಳಸಿದರೆ ಸರಿಹೋಗುತ್ತದೆ ಎಂದು ನೀವು ಬೇರೆಡೆ ಸೂಚಿಸಿದ್ದೀರಿ. ಅದು ಕೊಡುವ ಅಂಕಣದ ಲೆಕ್ಕ ಅಂದಾಜಿನದು, ಫಾಂಟನ್ನು ಗಣಿಸುವುದಿಲ್ಲ ಎಂದು ಅದರ ಕೈಪಿಡಿಯೇ ಒಪ್ಪಿಕೊಳ್ಳುತ್ತದೆ. ಪಿಕ್ಸೆಲ್ ಲೆಕ್ಕ ಬೇಕಾದವರಿಗೆ ‘ಸ್ಟ್ರಿಂಗ್-ಪಿಕ್ಸೆಲ್-ವಿಡ್ತ್’ ಇದೆ, ಇಮ್ಯಾಕ್ಸ್ 29ರಿಂದ. ಆದರೆ ನಿಮ್ಮ ರಿಜಿಸ್ಟರ್‌ಗೆ ಅಳತೆಯ ಗೊಡವೆಯೇ ಬೇಡ. ಹೆಸರಿನ ನಂತರದ ಒಂದು ಖಾಲಿ ಸ್ಥಳಕ್ಕೆ ‘ಡಿಸ್‌ಪ್ಲೇ’ ಗುಣವನ್ನು ಹಚ್ಚಿ, ‘ಅಲೈನ್-ಟು’ ಮೂಲಕ ಇಪ್ಪತ್ತನೆಯ ಅಂಕಣದವರೆಗೆ ಹಿಗ್ಗು ಎಂದು ಹೇಳಿ. ಹೆಸರು ಆ ಅಂಕಣವನ್ನು ದಾಟದಿದ್ದರೆ, ಎಷ್ಟು ಜಾಗ ತಿಂದರೂ ಅಂಕಿ ಅಲ್ಲಿಂದಲೇ ಆರಂಭವಾಗುತ್ತದೆ.

ಇಷ್ಟು ಬರೆದು ‘ಎಲ್ಲಾ ವೇದಿಕೆಗಳಲ್ಲೂ ಒಂದೇ ರೀತಿ ಕೆಲಸ ಮಾಡುತ್ತದೆ’ ಎಂದು ಮತ್ತೆ ಸೇರಿಸಬೇಡಿ. ಆ ವಾಕ್ಯ ನಿಮ್ಮ ಬರಹದಲ್ಲಿ ಪದೇ ಪದೇ ಬರುತ್ತದೆ, ಕನ್ನಡದ ಮಟ್ಟಿಗೆ ಅದು ಸುಳ್ಳು. 2020ರ ಇಮ್ಯಾಕ್ಸ್ 27ರಿಂದ ಒತ್ತಕ್ಷರ ಜೋಡಿಸಲು ಹಾರ್ಫ್‌ಬಜ್ ಎಂಬ ತಂತ್ರಾಂಶ ಬಳಕೆಯಲ್ಲಿದೆ. ಮ್ಯಾಕ್‌ನಲ್ಲಿ ಆ ಕೆಲಸ ಆಪಲ್‌ನ ಕೋರ್ ಟೆಕ್ಸ್ಟ್‌ನದು. ಟರ್ಮಿನಲ್‌ನಲ್ಲಿ (ಅಕ್ಷರಗಳಷ್ಟೇ ಕಾಣುವ ಆಜ್ಞಾ ಪರದೆ) ಓಡಿಸಿದಾಗಲಂತೂ ಅಕ್ಷರ ಬಿಡಿಸುವುದು ಟರ್ಮಿನಲ್ಲೇ, ಇಮ್ಯಾಕ್ಸ್ ಅಲ್ಲ. ‘ಅಲೈನ್-ಟು’ ಅಲ್ಲಿಯೂ ನಡೆಯುತ್ತದೆ, ಆದರೆ ಇಮ್ಯಾಕ್ಸ್ ಎಣಿಸಿದ ಅಂಕಣ ಮತ್ತು ಟರ್ಮಿನಲ್ ಬಿಡಿಸಿದ ಅಂಕಣ ತಾಳೆಯಾಗದಿದ್ದರೆ ಸಾಲು ವಾಲುತ್ತದೆ, ಕರ್ಸರ್ ಒಂದು ಕಡೆ, ಅಕ್ಷರ ಇನ್ನೊಂದು ಕಡೆ. ಇದು ಪುಸ್ತಕದ ಮಾತಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ತೆವಳುವಾಗ ಬೆಂಗಳೂರಿನ ಸರ್ವರ್‌ಗೆ ಟರ್ಮಿನಲ್ ಮೂಲಕವೇ ಸೇರಿಕೊಳ್ಳುವವರು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಕೊಡವ ತಕ್ಕ್, ಅರೆಭಾಷೆಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಡುವವರಿಗೂ ಇದೇ ಪಾಡು.

ಪರೀಕ್ಷೆಗೆ ಕಡತ ಹುಡುಕಬೇಕಾಗಿಲ್ಲ. ಕಂಟ್ರೋಲ್-ಎಚ್ ಒತ್ತಿ ಮತ್ತೆ ಎಚ್ ಒತ್ತಿದರೆ ಹಲವು ಭಾಷೆಗಳ ವಂದನೆಗಳ ಪುಟ ತೆರೆಯುತ್ತದೆ, ಅದರಲ್ಲಿ ಕನ್ನಡದ ‘ನಮಸ್ಕಾರ’ವೂ ಇದೆ. ಕಿಟಕಿಯಲ್ಲೊಮ್ಮೆ, ಟರ್ಮಿನಲ್‌ನಲ್ಲೊಮ್ಮೆ ತೆರೆದು ‘ಸ್ಕಾ’ ಹೇಗೆ ಕಾಣುತ್ತದೆ ನೋಡಿ, ಕಂಡದ್ದನ್ನು ಬರೆಯಿರಿ. ಎರಡರಲ್ಲಿ ಯಾವುದರಲ್ಲಿ ಓಡುತ್ತಿದೆ ಎಂದು ಪ್ರೋಗ್ರಾಂಗೇ ತಿಳಿಯಬೇಕಾದರೆ ‘ಡಿಸ್‌ಪ್ಲೇ-ಗ್ರಾಫಿಕ್-ಪಿ’ ಇದೆ. ನಿಮ್ಮ ಪಟ್ಟಿಯಲ್ಲಿ ಅದೊಂದು ಬಿಟ್ಟುಹೋಗಿದೆ.

ಶೈಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ ವಿವರಣೆಯ ಮೊದಲ ಸಾಲು ತಾನಾಗಿಯೇ ಪೂರ್ಣ ವಾಕ್ಯವಾಗಿರಲಿ; ‘ಅಪ್ರೋಪೋಸ್’ನಂತಹ ಹುಡುಕಾಟದಲ್ಲಿ ಕಾಣುವುದು ಅದೊಂದೇ ಸಾಲು. ಆರ್ಗ್ಯುಮೆಂಟ್‌ಗಳ ಹೆಸರನ್ನು ಇಂಗ್ಲಿಷ್ ವಿವರಣೆಯಲ್ಲಿ ದೊಡ್ಡಕ್ಷರದಲ್ಲಿ ಬರೆಯುವ ರೂಢಿಯಿದೆ. ನಮ್ಮ ಲಿಪಿಯಲ್ಲಿ ಆ ಸೌಲಭ್ಯ ಇಲ್ಲವಾದ್ದರಿಂದ ದಪ್ಪಕ್ಷರ ಬಳಸಿ, ಹೆಸರನ್ನು ಮಾತ್ರ ಬದಲಿಸಬೇಡಿ. ‘ಮಾಡಲ್ಪಡುತ್ತದೆ’, ‘ತೋರಿಸಲ್ಪಡುತ್ತದೆ’ಗಳನ್ನು ನಾನೇ ಅಲ್ಲಲ್ಲಿ ಗೀಟು ಹಾಕಿದ್ದೇನೆ, ಎಲ್ಲವನ್ನೂ ಹಾಕುವ ತಾಳ್ಮೆ ಇರಲಿಲ್ಲ.

ಹೊಸ ಕರಡಿನಲ್ಲಿ ಆರು ಫಂಕ್ಷನ್ ಸಾಕು, ಎಲ್ಲವೂ ಮಳೆ ರಿಜಿಸ್ಟರ್‌ನ ಸುತ್ತಲೇ ಇರಲಿ. ಪ್ರತಿಯೊಂದನ್ನೂ ಕನಿಷ್ಠ ಎರಡು ಕಡೆ ಓಡಿಸಿ ನೋಡಿ, ಆವೃತ್ತಿ ಸಂಖ್ಯೆ ನಮೂದಿಸಿ. ಪರದೆಯ ಚಿತ್ರಗಳನ್ನು ಸ್ಕ್ರೀನ್‌ಶಾಟ್ ಆಗಿಯೇ ಕಳುಹಿಸಿ. ಕಳೆದ ಸಲದಂತೆ ಮೊಬೈಲಿನಲ್ಲಿ ಫೋಟೋ ತೆಗೆದದ್ದು ಬೇಡ, ಅದರಲ್ಲಿ ಅಂಕಿಗಳಿಗಿಂತ ಟ್ಯೂಬ್‌ಲೈಟ್ ಚೆನ್ನಾಗಿ ಕಾಣುತ್ತಿತ್ತು. ಕಾಫಿ ಕೊಯ್ಲು ಆರಂಭವಾಗುವ ಮೊದಲು ಕೈಸೇರಿದರೆ ಓದಿ ಉತ್ತರಿಸುತ್ತೇನೆ.

ಇಂತಿ,
ಸಂಪಾದಕ
ಮಡಿಕೇರಿ