‘ಗನ್‌ಫೈಟರ್’ ಚಿತ್ರವನ್ನು ಓಡಿಸಿಕೊಂಡು ನೋಡಬೇಡಿ

ನಿನ್ನೆ ಈ ಗುಂಪಿನಲ್ಲಿ ಸದಸ್ಯರೊಬ್ಬರು 1950ರ ‘ದ ಗನ್‌ಫೈಟರ್’ ಚಿತ್ರವನ್ನು ಮೊಬೈಲಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ನೋಡಿದ್ದಾಗಿಯೂ, ನಾಯಕ ಬಾರಿನ ಮೂಲೆಯಲ್ಲಿ ಕುಳಿತೇ ಇರುವುದರಿಂದ ನಡುವಿನ ಭಾಗವನ್ನು ಹಾರಿಸಿ ಕೊನೆಯನ್ನಷ್ಟೇ ನೋಡಿದ್ದಾಗಿಯೂ ಬರೆದು, ಜಾನ್ ವೇಯ್ನ್ ಅಭಿನಯದ ‘ದ ಶೂಟಿಸ್ಟ್’ ಕೂಡ ಇಷ್ಟೇ ನಿಧಾನವೇ ಎಂದು ಕೇಳಿದ್ದಾರೆ. ವೆಸ್ಟರ್ನ್ (ಅಮೆರಿಕದ ಕೌಬಾಯ್ ಕಾಲದ ಕಥೆಯ ಚಿತ್ರ) ಎಂದ ಕೂಡಲೇ ಗುಂಡಿನ ಕಾಳಗವನ್ನೇ ನಿರೀಕ್ಷಿಸಿ ಕೂರುವ ಈ ತಪ್ಪು ಮೊದಲಿಗೆ ನನ್ನಿಂದಲೂ ಆಗಿತ್ತಾದ್ದರಿಂದ, ಅವರು ಕಳೆದುಕೊಂಡದ್ದು ಏನೆಂಬುದನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ. ಅಂತ್ಯವನ್ನು ಅವರು ಈಗಾಗಲೇ ನೋಡಿರುವುದರಿಂದ ಅದನ್ನೂ ಮುಚ್ಚಿಡುವುದಿಲ್ಲ. ಚಿತ್ರವನ್ನು ಇನ್ನೂ ನೋಡದವರು ಟಿವಿಯ ಸೆಟ್ಟಿಂಗ್ ಕುರಿತ ಭಾಗವನ್ನು ಮಾತ್ರ ಓದಿಕೊಳ್ಳುವುದು ಒಳ್ಳೆಯದು.

ಮೊದಲನೆಯದಾಗಿ, ಆ ಚಿತ್ರದಲ್ಲಿ ನಾಯಕ ಸುಮ್ಮನೆ ಕೂತಿಲ್ಲ, ಕಾಯುತ್ತಿದ್ದಾನೆ. ಗ್ರೆಗರಿ ಪೆಕ್ ಅಭಿನಯಿಸಿದ ಜಿಮ್ಮಿ ರಿಂಗೋ ಎಂಟು ವರ್ಷಗಳಿಂದ ಕಾಣದ ಹೆಂಡತಿ ಪೆಗ್ಗಿಯನ್ನೂ ಮಗನನ್ನೂ ಒಮ್ಮೆ ನೋಡಿ ಹೋಗಬೇಕೆಂದು ಕಯೆನ್ ಎಂಬ ಊರಿಗೆ ಬಂದಿದ್ದಾನೆ. ಅವನ ಹಿಂದೆ ಮೂವರು ಅಣ್ಣತಮ್ಮಂದಿರು ಸೇಡಿಗಾಗಿ ಹೊರಟಿದ್ದಾರೆ. ತನ್ನನ್ನು ಕೆಣಕಿ, ತಾನಾಗಿ ಪಿಸ್ತೂಲು ಎಳೆದ ಅವರ ತಮ್ಮನನ್ನು ರಿಂಗೋ ಚಿತ್ರದ ಆರಂಭದಲ್ಲಿಯೇ ಕೊಂದಿರುತ್ತಾನೆ. ಎದುರು ಮನೆಯ ಕಿಟಕಿಯಲ್ಲಿ, ತನ್ನ ಮಗನನ್ನು ಕೊಂದವನು ರಿಂಗೋನೇ ಎಂದು ನಂಬಿದ ಮುದುಕನೊಬ್ಬ ಬಂದೂಕು ಹಿಡಿದು ಕುಳಿತಿದ್ದಾನೆ. ಊರಿನ ಹುಡುಗರು ಶಾಲೆ ತಪ್ಪಿಸಿ ಬಾರಿನ ಕಿಟಕಿಗೆ ಮೂಗು ಒತ್ತಿ ನಿಂತಿದ್ದಾರೆ. ಹೆಸರು ಗಳಿಸುವ ಹಂಬಲದ ಹಂಟ್ ಬ್ರಾಮ್ಲಿ ಎಂಬ ಪಡ್ಡೆ ಹುಡುಗ ಊರಿನಲ್ಲೇ ಸುತ್ತಾಡುತ್ತಿದ್ದಾನೆ. ಇವರೆಲ್ಲರ ನಡುವೆ ಗೋಡೆಯ ಗಡಿಯಾರವೊಂದು ನಡೆಯುತ್ತಲೇ ಇರುತ್ತದೆ, ಆದರೆ ಪೆಗ್ಗಿ ಬರಲು ಒಪ್ಪುವ ಲಕ್ಷಣವೇ ಕಾಣುವುದಿಲ್ಲ. ಚಿತ್ರದ ಬಿಗಿ ಇರುವುದೇ ಈ ಹೊತ್ತಿನ ಲೆಕ್ಕದಲ್ಲಿ. ವೇಗ ಹೆಚ್ಚಿಸಿ ನೋಡಿದವರು ಗಡಿಯಾರದ ಮುಳ್ಳನ್ನೇ ಕೈಯಾರೆ ತಿರುಗಿಸಿದಂತಾಯಿತು. ಕಾಯುವಿಕೆ ಹೋದ ಮೇಲೆ ಅಲ್ಲಿ ಉಳಿಯುವುದು ನಾಲ್ಕಾರು ಮಾತುಕತೆಗಳು ಮಾತ್ರ. ಗಡಿಯಾರ ನೋಡಿಕೊಂಡು ನಡೆಯುವ ವೆಸ್ಟರ್ನ್ ಎಂದರೆ ಎಲ್ಲರೂ ‘ಹೈ ನೂನ್’ ಹೆಸರನ್ನೇ ಹೇಳುತ್ತಾರೆ, ಆದರೆ ಅದು ಬಂದದ್ದು 1952ರಲ್ಲಿ, ಇದಾಗಿ ಎರಡು ವರ್ಷಗಳ ನಂತರ.

ನನಗೆ ಫಲ ಕೊಟ್ಟ ಕ್ರಮವನ್ನು ಹೇಳುತ್ತೇನೆ. ಚಿತ್ರದ ಅವಧಿ 85 ನಿಮಿಷ ಮಾತ್ರ, ಆದ್ದರಿಂದ ಒಂದೇ ಬೈಠಕ್ಕಿನಲ್ಲಿ, ಎಲ್ಲಿಯೂ ನಿಲ್ಲಿಸದೆ ನೋಡಿ. ಮೊದಲ ಸಲ ನೋಡುವಾಗ ಗಡಿಯಾರ ತೆರೆಯ ಮೇಲೆ ಕಂಡಾಗಲೆಲ್ಲ, ಆ ಕ್ಷಣದಲ್ಲಿ ಯಾರು ಯಾರ ಕಡೆಗೆ ಬರುತ್ತಿದ್ದಾರೆ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಅಣ್ಣತಮ್ಮಂದಿರು ಎಲ್ಲಿಯವರೆಗೆ ಬಂದರು, ಬ್ರಾಮ್ಲಿ ಯಾವ ಕಡೆ ಹೋದ, ಊರಿನ ಕಾವಲಿನ ಅಧಿಕಾರಿಯಾದ ಮಾರ್ಷಲ್ ಮಾರ್ಕ್ ಸ್ಟ್ರೆಟ್ ಪೆಗ್ಗಿಯ ಮನೆಯಿಂದ ಮರಳಿದನೇ ಇಲ್ಲವೇ. ಎರಡನೆಯ ಸಲ ರಿಂಗೋನನ್ನು ಬಿಟ್ಟು ಅವನನ್ನು ನೋಡುತ್ತಿರುವವರನ್ನು ಮಾತ್ರ ನೋಡಿ. ಈ ಎರಡನೆಯ ನೋಟವನ್ನು ನಾನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ, ಏಕೆಂದರೆ ನಿರ್ದೇಶಕ ಹೆನ್ರಿ ಕಿಂಗ್ ತನ್ನ ಜಾಣ್ಮೆಯನ್ನೆಲ್ಲ ಸುರಿದಿರುವುದು ಅಲ್ಲಿಯೇ. ಬಾರಿನ ಮಾಲೀಕ ಮ್ಯಾಕ್ ಪಾತ್ರದಲ್ಲಿ ಕಾರ್ಲ್ ಮಾಲ್ಡನ್ ತೋರುವ ಸಡಗರವನ್ನು ಗಮನಿಸಿ. ತನ್ನ ಅಂಗಡಿಯಲ್ಲಿ ಯಾವ ಕ್ಷಣದಲ್ಲಾದರೂ ಹೆಣ ಬೀಳಬಹುದೆಂಬ ಸ್ಥಿತಿಯಲ್ಲಿಯೂ ಆತನಿಗೆ ವ್ಯಾಪಾರ ಕುದುರಿತೆಂಬ ಹಿಗ್ಗು. ಮಾರ್ಷಲ್ ಸ್ಟ್ರೆಟ್ ಆಗಿ ಮಿಲ್ಲಾರ್ಡ್ ಮಿಚೆಲ್ ಇದ್ದಾರೆ. ಹಿಂದೊಮ್ಮೆ ರಿಂಗೋನ ಗುಂಪಿನಲ್ಲಿಯೇ ಇದ್ದು ಬಿಟ್ಟುಬಂದವನು ಆತ. ಗೆಳೆಯನನ್ನು ಆದಷ್ಟು ಬೇಗ ಊರಿನಿಂದ ಸಾಗಿಸಬೇಕು, ಆದರೆ ಕುತ್ತಿಗೆ ಹಿಡಿದು ನೂಕಲು ಮನಸ್ಸಿಲ್ಲ. ಈ ಇಕ್ಕಟ್ಟಿನ ಬಗ್ಗೆ ಬಾಯಿಬಿಟ್ಟು ಹೇಳುವುದು ಕಡಿಮೆ, ಎಲ್ಲವನ್ನೂ ಮಿಚೆಲ್ ಅವರ ಮುಖವೇ ಹೇಳುತ್ತದೆ.

ನೀವು ಹಾರಿಸಿದ ನಡುವಿನ ಭಾಗದಲ್ಲಿ ಇನ್ನೊಂದು ದೃಶ್ಯವಿದೆ. ಊರಿನ ಗೌರವಸ್ಥ ಹೆಂಗಸರು ಗುಂಪಾಗಿ ಮಾರ್ಷಲ್‌ನ ಕಚೇರಿಗೆ ಬಂದು, ಆ ಕೊಲೆಗಾರನನ್ನು ಊರಿನಲ್ಲಿ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಜಗಳ ತೆಗೆಯುತ್ತಾರೆ. ಅಲ್ಲಿಯೇ ಕುಳಿತಿರುವ, ಮರ್ಯಾದೆಯಿಂದ ತಮಗೆ ಉತ್ತರ ಕೊಡುತ್ತಿರುವ ಮನುಷ್ಯನೇ ರಿಂಗೋ ಎಂಬುದು ಅವರಿಗೆ ಗೊತ್ತಿಲ್ಲ. ನಗು ಬರುವ ದೃಶ್ಯವೇ ಹೌದು, ಆದರೆ ಹೆಸರಿಗೂ ಮನುಷ್ಯನಿಗೂ ನಡುವೆ ಎಷ್ಟು ಅಂತರ ಬೆಳೆದುಬಿಟ್ಟಿದೆ ಎಂಬುದು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಬ್ರಾಮ್ಲಿ ಮೊದಲ ಸಲ ಬಾರಿಗೆ ಬಂದು ಕೆಣಕುವ ದೃಶ್ಯವನ್ನಂತೂ ಹತ್ತಿರದಿಂದ ನೋಡಬೇಕು. ರಿಂಗೋ ಮೇಜಿನ ಹಿಂದೆ ಕೂತಿದ್ದಾನೆ, ಅವನ ಕೈ ಮೇಜಿನ ಕೆಳಗಿದೆ. ದನಿ ಏರಿಸದೆ, ಮೇಜಿನ ಕೆಳಗಿನಿಂದ ನಿನಗೆ ಪಿಸ್ತೂಲು ಗುರಿಯಿಟ್ಟಿದ್ದೇನೆ ಎಂಬುದನ್ನು ಹುಡುಗನಿಗೆ ಮನದಟ್ಟು ಮಾಡುತ್ತಾನೆ. ಹುಡುಗ ಬಾಲ ಮುದುರಿಕೊಂಡು ಹೋದ ಮೇಲೆ ಕೈ ಮೇಲೆ ಬಂದಾಗ ಅದರಲ್ಲಿರುವುದು ಉಗುರು ತೆಗೆಯುವ ಪುಟ್ಟ ಚಾಕು. ಒಂದು ಗುಂಡೂ ಹಾರದೆ ಮುಗಿಯುವ ಈ ಕಾಳಗದಲ್ಲಿ ರಿಂಗೋನ ಬದುಕೆಲ್ಲ ಅಡಗಿದೆ: ಅವನನ್ನು ಈಗ ಕಾಪಾಡುತ್ತಿರುವುದು ಅವನ ಹೆಸರು, ಅವನನ್ನು ಕೊನೆಗೆ ಕೊಲ್ಲಿಸುವುದೂ ಅದೇ ಹೆಸರು. ತನಗೆ 35 ವರ್ಷ ವಯಸ್ಸಾದರೂ ಒಂದು ಒಳ್ಳೆಯ ಗಡಿಯಾರವೂ ಇಲ್ಲ ಎಂದು ಅವನೇ ಹೇಳಿಕೊಳ್ಳುವ ಮಾತನ್ನು ನೀವು ಕೇಳಿಸಿಕೊಂಡಿರಲಾರಿರಿ. ಈ ವೃತ್ತಿಯಲ್ಲಿ 35 ಎಂದರೆ ಮುಪ್ಪು. ಪೆಕ್ ಆ ದಣಿವನ್ನು ನರೆಗೂದಲಿನ ಸಹಾಯವಿಲ್ಲದೆ, ಕೂರುವ ಏಳುವ ರೀತಿಯಲ್ಲಿಯೇ ತೋರಿಸಿದ್ದಾರೆ.

ಇಲ್ಲಿ ಒಂದು ಕಹಿ ಅನುಭವವನ್ನು ಹೇಳಲೇಬೇಕು. ಚಿತ್ರಗೋಷ್ಠಿಯೊಂದರಲ್ಲಿ ಈ ಚಿತ್ರವನ್ನು ತೋರಿಸಿದಾಗ ವ್ಯವಸ್ಥಾಪಕರು ನಮ್ಮ ಕಡೆಯ ವಾಡಿಕೆಯಂತೆ ಸರಿಯಾಗಿ ಅರ್ಧಕ್ಕೆ ನಿಲ್ಲಿಸಿ ಇಂಟರ್‌ವಲ್ ಕೊಟ್ಟರು. ದೀಪ ಹತ್ತಿತು, ಚಹಾ ಬಂತು, ಹಾಲ್ ತುಂಬ ಮಾತುಕತೆ ಶುರುವಾಯಿತು, ಹೊರಗೆ ಹೋದವರಲ್ಲಿ ಕೆಲವರು ಎರಡನೆಯ ಭಾಗ ಆರಂಭವಾಗಿ ಎಷ್ಟೋ ಹೊತ್ತಿನ ಮೇಲೆ ಕಾಲು ತಡವರಿಸುತ್ತ ಒಳಗೆ ಬಂದರು. ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ನೋಡುತ್ತಿದ್ದವರೇ ಆನಂತರ ಆಕಳಿಸತೊಡಗಿದರು. ಕನ್ನಡ, ಹಿಂದಿ ಚಿತ್ರಗಳ ಚಿತ್ರಕಥೆಯನ್ನು ಇಂಟರ್‌ವಲ್‌ನ ತಿರುವು ಇಟ್ಟುಕೊಂಡೇ ಬರೆಯುತ್ತಾರೆ, ಹಾಗಾಗಿ ಅವು ಆ ಬಿಡುವನ್ನು ತಡೆದುಕೊಳ್ಳುತ್ತವೆ. ಇಂತಹ ಚಿತ್ರ ತಡೆದುಕೊಳ್ಳುವುದಿಲ್ಲ. ಇನ್ನೊಂದು ಕಾರಣವೂ ಇದೆ: ಆಲ್‌ಫ್ರೆಡ್ ನ್ಯೂಮನ್ ಅವರ ಸಂಗೀತ ಬಹುಮಟ್ಟಿಗೆ ಆರಂಭಕ್ಕೂ ಅಂತ್ಯಕ್ಕೂ ಸೀಮಿತವಾಗಿದ್ದು, ನಡುವೆ ಬೂಟಿನ ಸಪ್ಪಳ, ಬಾಗಿಲಿನ ಸದ್ದು, ಬೀದಿಯ ಮಕ್ಕಳ ಗಲಾಟೆ ಇವೇ ಕೇಳುತ್ತಿರುತ್ತವೆ. ಒಮ್ಮೆ ಕಿವಿ ಆ ಮೌನದಿಂದ ಹೊರಬಂದರೆ ಮತ್ತೆ ಒಳಗೆ ಹೋಗುವುದು ಕಷ್ಟ. ಗುಂಪಾಗಿ ನೋಡುವುದಾದರೆ ಚಹಾವನ್ನು ಮೊದಲೇ ಮುಗಿಸಿ, ಫೋನುಗಳನ್ನು ಪಕ್ಕದ ಕೋಣೆಯಲ್ಲಿಡಿ.

ಟಿವಿಯ ವಿಷಯಕ್ಕೆ ಬರುತ್ತೇನೆ. ಇದು ಕಪ್ಪು ಬಿಳುಪಿನ, ಹಳೆಯ ಚೌಕಾಕಾರದ ಫ್ರೇಮಿನ ಚಿತ್ರ. ಎಡಬಲದಲ್ಲಿ ಕಪ್ಪು ಪಟ್ಟಿ ಇರಲೇಬೇಕು. ತೆರೆ ತುಂಬಲಿ ಎಂದು ಜೂಮ್ ಮಾಡಿದರೆ ಮೇಲಿನ ಟೋಪಿ, ಕೆಳಗಿನ ಕೈ ಎರಡೂ ಹೋಗುತ್ತವೆ. ಕೈಗಳೇ ಕಾಣದ ಬಂದೂಕುಗಾರನ ಚಿತ್ರವನ್ನು ನೋಡಿ ಪ್ರಯೋಜನವೇನು? ಅಡ್ಡಕ್ಕೆ ಎಳೆದರೆ ಎಲ್ಲರ ಮುಖವೂ ಊದಿಕೊಳ್ಳುತ್ತದೆ. ಯೂಟ್ಯೂಬಿನಲ್ಲಿ ಯಾರೋ ಏರಿಸಿದ, ಮೇಲೆ ಕೆಳಗೆ ಕತ್ತರಿಸಿದ ಪ್ರತಿಗಳನ್ನು ದಯವಿಟ್ಟು ಮುಟ್ಟಬೇಡಿ. ಕೃತಕವಾಗಿ ಬಣ್ಣ ತುಂಬಿದ ತುಣುಕುಗಳು ಇನ್ನೂ ಕೆಟ್ಟವು. ಛಾಯಾಗ್ರಾಹಕ ಆರ್ಥರ್ ಮಿಲ್ಲರ್ ಮೂರು ಆಸ್ಕರ್ ಪಡೆದವರು. ಹತ್ತಿರದ ಮೇಜೂ ದೂರದ ಕಿಟಕಿಯೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವ ಅವರ ಚೌಕಟ್ಟುಗಳನ್ನು ಮೊಬೈಲಿನ ತೆರೆಯಲ್ಲಿ ನೋಡಿದರೆ ಕಿಟಕಿಯಲ್ಲಿ ಯಾರಿದ್ದಾರೆ ಎಂಬುದೇ ತಿಳಿಯುವುದಿಲ್ಲ.

ಚಲನೆಯನ್ನು ನಯಗೊಳಿಸುವ ಸೆಟ್ಟಿಂಗನ್ನು ಸಂಪೂರ್ಣವಾಗಿ ಆರಿಸಿ. ಸೋನಿಯಲ್ಲಿ ಇದಕ್ಕೆ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಮಾದರಿಗೆ ತಕ್ಕಂತೆ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ ಎಂಬ ಹೆಸರಿದೆ. ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರಕ್ಕೆ ಟಿವಿ ತಾನೇ ಹುಟ್ಟಿಸಿದ ಚೌಕಟ್ಟುಗಳನ್ನು ಸೇರಿಸಿದಾಗ ಎಲ್ಲವೂ ಧಾರಾವಾಹಿಯ ಹಾಗೆ ಜಾರುತ್ತದೆ. ಎಲ್‌ಜಿ ಮತ್ತು ಸ್ಯಾಮ್‌ಸಂಗ್‌ನ ಈಚಿನ ಹಲವು ಮಾದರಿಗಳಲ್ಲಿರುವ ಫಿಲ್ಮ್‌ಮೇಕರ್ ಮೋಡ್ ಒಂದನ್ನೇ ಒತ್ತಿದರೆ ಈ ಕೆಲಸ ಬಹುಪಾಲು ಮುಗಿಯುತ್ತದೆ. ಅದಿಲ್ಲದ ಟಿವಿಯಲ್ಲಿ ಸಿನಿಮಾ ಮೋಡ್ ಹಾಕಿ, ಶಾರ್ಪ್‌ನೆಸ್ ತಗ್ಗಿಸಿಕೊಳ್ಳಿ. ಅಂಗಡಿಯಲ್ಲಿ ಟಿವಿ ಮಿನುಗಲೆಂದು ಇಟ್ಟಿರುವ ವಿವಿಡ್ ಮೋಡ್‌ನಲ್ಲಿಯೇ ವರ್ಷಗಟ್ಟಲೆ ನೋಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಧ್ವನಿ ಮೂಲದಲ್ಲಿ ಮೋನೋ, ಅಂದರೆ ಒಂದೇ ವಾಹಿನಿಯದು ಆಗಿರುವುದರಿಂದ ಸೌಂಡ್‌ಬಾರಿನ ಸರೌಂಡ್ ಆಯ್ಕೆಯನ್ನೂ ಬಿಟ್ಟುಬಿಡಿ. ಆದರೆ ಬೆಳಕು ತುಂಬಿದ ಹಜಾರದಲ್ಲಿ ಫಿಲ್ಮ್‌ಮೇಕರ್ ಮೋಡ್ ಮಂಕಾಗಿ ಕಾಣುತ್ತದೆ ಎಂಬುದು ನಿಜ, ಆದ್ದರಿಂದ ರಾತ್ರಿ ನೋಡುವುದು ಅಥವಾ ಪರದೆ ಎಳೆಯುವುದು ಅನಿವಾರ್ಯ.

ಡಿಸ್ಕ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಕ್ರೈಟೀರಿಯನ್ ಸಂಸ್ಥೆ 2020ರಲ್ಲಿ ತಂದ ಬ್ಲೂ-ರೇ ಪ್ರತಿ ನನ್ನ ಮಟ್ಟಿಗೆ ಅತ್ಯುತ್ತಮವಾದದ್ದು. ಆದರೆ ಅದು ಅಮೆರಿಕದ ಎ ವಲಯದ ಡಿಸ್ಕ್, ಭಾರತವಿರುವುದು ಸಿ ವಲಯದಲ್ಲಿ. ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ಇಲ್ಲದೆ ಡಿಸ್ಕನ್ನು ಮಾತ್ರ ತರಿಸಿಕೊಂಡರೆ ಹಣ ದಂಡ. ಅಮೆರಿಕದಲ್ಲಿರುವ ನಮ್ಮ ಸದಸ್ಯರಿಗೆ ಈ ತೊಂದರೆಯಿಲ್ಲ.

ಚಿತ್ರದ ಕುರಿತು ಈ ಗುಂಪಿನಲ್ಲಿಯೇ ಓಡಾಡುತ್ತಿರುವ ಕೆಲವು ತಪ್ಪು ತಿಳಿವಳಿಕೆಗಳಿವೆ. ಅರಿಜೋನಾದಲ್ಲಿ 1882ರಲ್ಲಿ ಸತ್ತ ಜಾನಿ ರಿಂಗೋ ಎಂಬ ನಿಜವಾದ ವ್ಯಕ್ತಿಯ ಕಥೆ ಇದಲ್ಲ. ವಿಲಿಯಂ ಬವರ್ಸ್ ಮತ್ತು ಆಂದ್ರೆ ಡಿ ಟಾತ್ ಕಟ್ಟಿದ ಕಥೆ, ಅದಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತ್ತು. ಪೆಕ್‌ನ ಜೋಲು ಮೀಸೆಯನ್ನು ನೋಡಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ ದೊಡ್ಡವರು ಸಿಟ್ಟಾದರೆಂಬುದು ಮತ್ತು ಗಲ್ಲಾಪೆಟ್ಟಿಗೆಯ ಸೋಲಿಗೆ ಅದನ್ನೇ ಹೊಣೆ ಮಾಡಿದರೆಂಬುದು ಪ್ರಸಿದ್ಧ ಸಂಗತಿ. ಆ ಮೀಸೆಯನ್ನು ಬೆಳೆಸಿದ್ದು ಆ ಕಾಲದ ಫೋಟೋಗಳಲ್ಲಿನ ಗಂಡಸರಂತೆ ಕಾಣಬೇಕೆಂದು. ಸುಂದರಾಂಗ ಪೆಕ್‌ನನ್ನು ನೋಡಲು ಬಂದವರಿಗೆ ನಿರಾಸೆಯಾಗಿರಬಹುದು, ಆದರೆ ಅದನ್ನು ಬೋಳಿಸಿದ್ದರೆ ಈ ರಿಂಗೋ ನಮಗೆ ಸಿಗುತ್ತಿರಲಿಲ್ಲ.

ಕೊನೆಯ ಭಾಗವನ್ನು ನೋಡಿದ್ದೇನೆ ಎನ್ನುತ್ತೀರಿ, ಆದರೆ ನಡುವಿನದನ್ನು ನೋಡದವರಿಗೆ ಅದು ತಟ್ಟುವುದು ಹೇಗೆ? ಮೂವರು ಅಣ್ಣತಮ್ಮಂದಿರು ಸಿಕ್ಕಿಬಿದ್ದು ಅಪಾಯ ಕಳೆಯಿತೆಂದು ನಾವು ನಿಟ್ಟುಸಿರು ಬಿಡುವಾಗಲೇ ಬ್ರಾಮ್ಲಿ ಬೆನ್ನಿಗೆ ಗುಂಡು ಹೊಡೆಯುತ್ತಾನೆ. ಸಾಯುತ್ತಿರುವ ರಿಂಗೋ, ಪಿಸ್ತೂಲನ್ನು ಮೊದಲು ಎಳೆದದ್ದು ತಾನೇ ಎಂದು ಹೇಳಿಬಿಡುವಂತೆ ಸ್ಟ್ರೆಟ್‌ಗೆ ಹೇಳುತ್ತಾನೆ. ಹುಡುಗ ನೇಣಿನಿಂದ ಪಾರಾದ, ನಿಜ. ಆದರೆ ಇನ್ನು ಮುಂದೆ ಪ್ರತಿ ಊರಿನ ಬಾರಿನಲ್ಲಿಯೂ ಅವನಿಗಾಗಿ ಒಬ್ಬ ಬ್ರಾಮ್ಲಿ ಕಾದಿರುತ್ತಾನೆ. ಆರಂಭದಲ್ಲಿ ಸತ್ತ ಹುಡುಗ, ಕಿಟಕಿಗೆ ಅಂಟಿದ ಮಕ್ಕಳು, ಅವರ ನಡುವೆಯೇ ನಿಂತ ರಿಂಗೋನ ಸ್ವಂತ ಮಗ ಇವರನ್ನೆಲ್ಲ ನೋಡಿದ ಮೇಲೆಯೇ ಆ ಮಾತು ಕ್ಷಮೆಯಲ್ಲ, ಶಾಪ ಎಂಬುದು ತಿಳಿಯುತ್ತದೆ.

ಇನ್ನು ‘ದ ಶೂಟಿಸ್ಟ್’. ಅದು 1976ರದು, ಡಾನ್ ಸೀಗಲ್ ನಿರ್ದೇಶನದ್ದು, ಬಣ್ಣದ್ದು, ಅಗಲ ತೆರೆಯದ್ದು. ಕಾರ್ಸನ್ ಸಿಟಿಯಲ್ಲಿ 1901ರ ಜನವರಿಯಲ್ಲಿ, ವಿಕ್ಟೋರಿಯಾ ರಾಣಿ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದ ದಿನಗಳಲ್ಲಿ ನಡೆಯುವ ಕಥೆ. ಕ್ಯಾನ್ಸರ್ ತಗುಲಿದ ಹಳೆಯ ಬಂದೂಕುಗಾರ ಜೆ. ಬಿ. ಬುಕ್ಸ್‌ನ ಕೊನೆಯ ದಿನಗಳು. ನಿಧಾನವೇ ಎಂದು ಕೇಳಿದ್ದಕ್ಕೆ ಹೌದು, ಅದೂ ನಿಧಾನವೇ, ಆದರೆ ಬೇರೆ ಬಗೆಯ ನಿಧಾನ: ರಿಂಗೋಗೆ ಸಾವು ಬಂದೀತೆಂಬ ಭಯ, ಬುಕ್ಸ್‌ಗೆ ಸಾವನ್ನು ತಾನೇ ಆರಿಸಿಕೊಳ್ಳುವ ಲೆಕ್ಕಾಚಾರ. ಬುಕ್ಸ್ ಪಾತ್ರ ಮಾಡಿದ ವೇಯ್ನ್ ಚಿತ್ರೀಕರಣದ ಹೊತ್ತಿಗಾಗಲೇ ಹೊಟ್ಟೆಯ ಕ್ಯಾನ್ಸರಿನಿಂದ ಸಾಯುತ್ತಿದ್ದರೆಂದು ಬರೆಯುವುದನ್ನು ನಿಲ್ಲಿಸಿ. ಶ್ವಾಸಕೋಶದ ಕ್ಯಾನ್ಸರಿಗೆ ಅವರ ಶಸ್ತ್ರಚಿಕಿತ್ಸೆ ನಡೆದದ್ದು 1964ರಲ್ಲಿ. ಹೊಟ್ಟೆಯ ಕ್ಯಾನ್ಸರ್ ಗೊತ್ತಾದದ್ದೂ ಅವರು ತೀರಿಕೊಂಡದ್ದೂ 1979ರಲ್ಲಿ.

ಬುಕ್ಸ್‌ನ ಹಿಂದಿನ ಬದುಕು ಎಂದು ಆರಂಭದಲ್ಲಿ ತೋರಿಸುವ ತುಣುಕುಗಳು ವೇಯ್ನ್‌ನ ಹಳೆಯ ಚಿತ್ರಗಳಿಂದಲೇ ಬಂದವು. ಆದ್ದರಿಂದ ‘ರೆಡ್ ರಿವರ್’ ಮತ್ತು ‘ರಿಯೋ ಬ್ರಾವೋ’ ಎರಡನ್ನಾದರೂ ಮೊದಲು ನೋಡಿಕೊಳ್ಳಿ. ಆಗ ಆ ಮುಖಕ್ಕೆ ವಯಸ್ಸಾದದ್ದು ನಿಮಗೆ ಸ್ವಂತ ನೆನಪಿನಿಂದಲೇ ಕಾಣುತ್ತದೆ. ‘ಗನ್‌ಫೈಟರ್’ ನೋಡಿದ ರಾತ್ರಿಯೇ ಇದನ್ನು ಹಾಕಬೇಡಿ, ಒಂದು ವಾರವಾದರೂ ಬಿಟ್ಟು ನೋಡಿ. ಟಿವಿಯ ಸೆಟ್ಟಿಂಗ್ ಮಾತ್ರ ಹಾಗೆಯೇ ಇರಲಿ. ಈ ಸಲ ಕಪ್ಪು ಪಟ್ಟಿ ಎಡಬಲದಲ್ಲಿರುವುದಿಲ್ಲ, ಮೇಲೆ ಕೆಳಗೆ ತೆಳುವಾಗಿ ಕಂಡರೆ ಅದನ್ನೂ ಜೂಮ್ ಮಾಡಿ ಅಳಿಸಬೇಡಿ.