ಬಸ್ ನಿಲ್ದಾಣದಲ್ಲಿ ಮಲಗುವ ಹುಡುಗನನ್ನು ಆಪ್ತಸಮಾಲೋಚನೆಗೆ ಕರೆದೊಯ್ಯುವುದು ಹೇಗೆ?

ವಿಜಯಪುರದ ಬಸ್ ನಿಲ್ದಾಣದಲ್ಲಿ ಮಲಗಿ, ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆಯುವ ಹುಡುಗನ ಬಗ್ಗೆ ಕೇಳಿದ್ದೀರಿ. ಅವನಿಗೆ ನಿದ್ದೆಯಿಲ್ಲ, ಒಬ್ಬನೇ ಕೂತು ಅಳುತ್ತಾನೆ, ಆಧಾರ್ ಇಲ್ಲ, ಎಲ್ಲಿಗೆ ಕಳುಹಿಸಲಿ ಎಂದಿದ್ದೀರಿ.

ಕಳುಹಿಸಬೇಡಿ, ಜೊತೆಗೆ ಹೋಗಿ. ಇದೇ ಊರಿನಲ್ಲಿ ಔಷಧದ ಅಂಗಡಿ ಇಟ್ಟುಕೊಂಡಿರುವ ನಾನು ಇದನ್ನು ತಪ್ಪು ಮಾಡಿ ಕಲಿತೆ. ಇಂಥದೇ ಒಬ್ಬ ಹುಡುಗನಿಗೆ ಕೋಣೆಯ ಸಂಖ್ಯೆ ಬರೆದುಕೊಟ್ಟು ಒಂದು ಆಸ್ಪತ್ರೆಗೆ ಕಳುಹಿಸಿದ್ದೆ. ಅಪ್ಪನ ಹೊಡೆತ ತಾಳದೆ ಓಡಿಬಂದವನಿಗೆ ಚೀಟಿ ಕೊಡುವ ಕಿಟಕಿಯಲ್ಲಿ ಮೊದಲು ಕೇಳಿದ್ದೇ ಅಪ್ಪನ ಹೆಸರು. ಅಲ್ಲಿಂದಲೇ ತಿರುಗಿ ಹೋದ. ಮತ್ತೆ ನನ್ನ ಅಂಗಡಿಯ ಕಡೆ ಬರಲಿಲ್ಲ. ಇಂದಿಗೂ ಆ ಮುಖವನ್ನು ನಿಲ್ದಾಣದಲ್ಲಿ ಹುಡುಕುತ್ತೇನೆ.

ಎರಡನೆಯವನಿಗೆ ಮೊದಲು ಉಪ್ಪಿಟ್ಟು ತಿನ್ನಿಸಿದೆ. ಸಾಲಿನಲ್ಲಿ ನಾನು ನಿಂತೆ, ಅವನು ಹೊರಗೆ ಬೇವಿನ ನೆರಳಿನಲ್ಲಿ ಕುಳಿತಿದ್ದ. ‘ನನಗೆ ಹುಚ್ಚು ಹಿಡಿದಿದೆಯೇ ಅಣ್ಣಾ?’ ಎಂದು ಎರಡು ಸಲ ಕೇಳಿದ. ‘ನಿದ್ದೆ ಬರುತ್ತಿಲ್ಲ ಎಂದೆಯಲ್ಲ ತಮ್ಮಾ, ಅದನ್ನೇ ಡಾಕ್ಟರಿಗೆ ಹೇಳೋಣ’ ಎಂದೆ. ಅಷ್ಟು ಸಾಕಾಯಿತು. ‘ಆಪ್ತಸಮಾಲೋಚನೆ’ ಎಂಬ ದೊಡ್ಡ ಪದ ನಮ್ಮಿಬ್ಬರ ನಡುವೆ ಬರಲೇ ಇಲ್ಲ.

ನೀವು ಹೋಗಬೇಕಾದದ್ದು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ. ಆಧಾರ್ ಇಲ್ಲವೆಂದು ಹಿಂಜರಿಯಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಪ್ರಕಾರ ಮನೆಯಿಲ್ಲದವರಿಗೆ, ನಿರ್ಗತಿಕರಿಗೆ ಸರ್ಕಾರಿ ವ್ಯವಸ್ಥೆಯಲ್ಲಿ ಈ ಚಿಕಿತ್ಸೆ ಉಚಿತ. ಬಡತನ ರೇಖೆಯ ಕಾರ್ಡನ್ನೂ ತೋರಿಸಬೇಕಿಲ್ಲ. ಕಿಟಕಿಯಲ್ಲಿ ತಕರಾರು ಬಂದರೆ ಈ ಕಲಂ ಅನ್ನು ಸಮಾಧಾನದಿಂದಲೇ ಹೇಳಿ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ.

ಅವನ ವಯಸ್ಸನ್ನು ನೀವು ಬರೆದಿಲ್ಲ, ಮೊದಲು ಅದನ್ನು ತಿಳಿದುಕೊಳ್ಳಿ. 18 ತುಂಬಿಲ್ಲವಾದರೆ ದಾರಿಯೇ ಬೇರೆ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಅಂಥ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು ಕಾನೂನಿದೆ. ಎಷ್ಟೇ ಕನಿಕರ ಬಂದರೂ ಸುಮ್ಮನೆ ಮನೆಯಲ್ಲಿಟ್ಟುಕೊಳ್ಳಬೇಡಿ. ಊರಿಗೆ ಮರಳಿ ಕಳುಹಿಸುತ್ತಾರೆಂಬ ಭಯ ಅವನಿಗಿರುತ್ತದೆ. ಮನೆಯಲ್ಲಿ ಹೊಡೆತ ತಿಂದಿದ್ದರೆ ಸಮಿತಿಯ ಮುಂದೆ ಅದನ್ನು ಹೇಳಲು ನೀವು ಜೊತೆಗಿರಿ.

ಆಸ್ಪತ್ರೆಗೆ ಬರಲು ಒಪ್ಪದಿದ್ದರೆ 14416ಕ್ಕೆ ನಿಮ್ಮ ಮೊಬೈಲಿನಿಂದ ಕರೆ ಮಾಡಿಕೊಡಿ. ಅದು ಟೆಲಿ ಮನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮೊಬೈಲ್ ಕೈಗಿಟ್ಟು ನೀವು ಹತ್ತು ಹೆಜ್ಜೆ ದೂರ ಹೋಗಿ ನಿಲ್ಲಿ. ನಾನು ಮೊದಲ ಸಲ ಪಕ್ಕದಲ್ಲೇ ನಿಂತಿದ್ದೆ, ಹುಡುಗ ‘ಹೂಂ’ ಬಿಟ್ಟು ಬೇರೇನೂ ಆಡಲಿಲ್ಲ.

ಇನ್ನೊಂದು ಮಾತು. ಹೋಟೆಲಿನ ಮಾಲೀಕರ ಬಳಿ ರಜೆ ಕೇಳುವಾಗ ‘ಆಸ್ಪತ್ರೆಗೆ’ ಎಂದಷ್ಟೇ ಹೇಳಿ. ಯಾವ ವಿಭಾಗಕ್ಕೆ ಎಂಬುದು ಅವರಿಗೆ ಬೇಕಿಲ್ಲ. ಮುಂದಿನ ಭೇಟಿಯ ದಿನಾಂಕವನ್ನು ನಿಮ್ಮ ಮೊಬೈಲಿನಲ್ಲೂ ಬರೆದಿಟ್ಟುಕೊಳ್ಳಿ, ಅವನ ಚೀಟಿ ಮಳೆಗೆ ನೆನೆದು ಹೋಗಬಹುದು.