ಮೈಕಟ್ಟಿದ್ರೆ ಜೈಲು ಕೆಲಸಕ್ಕೆ ಸಾಕಾ?

ಪ್ರಶ್ನೆ: ಸರ್, ಡಿಗ್ರಿ ಮುಗೀತು, ಜೈಲು ವಾರ್ಡರ್ ಕೆಲಸಕ್ಕೆ ಅರ್ಜಿ ಹಾಕೋಣ ಅಂತಿದೀನಿ. ದಿನಾ ಓಡ್ತೀನಿ, ಜಿಮ್ಮಿಗೂ ಹೋಗ್ತೀನಿ, ಫಿಸಿಕಲ್ ಟೆಸ್ಟ್ ಬಗ್ಗೆ ಭಯ ಇಲ್ಲ. ಅಮ್ಮ ಮಾತ್ರ "ಕಳ್ಳರು ಕೊಲೆಗಾರರ ಮಧ್ಯೆ ಇದ್ದು ನೀನೂ ಹಂಗೇ ಆಗ್ತೀಯ" ಅಂತಾರೆ. ನಿಜವಾಗ್ಲೂ ಈ ಕೆಲಸಕ್ಕೆ ಏನೇನು ಬೇಕು?

ಉತ್ತರ: ತಮ್ಮಾ, ಓಟ, ಮೆಡಿಕಲ್, ನಿನ್ ಮೇಲೆ ಕೇಸ್ ಗೀಸ್ ಇದ್ಯಾ ಅನ್ನೋ ವಿಚಾರಣೆ ಇವೆಲ್ಲ ಗೇಟ್ ದಾಟೋಕೆ ಅಷ್ಟೇ, ಒಳಗೆ ಹೋದ್ಮೇಲೆ ತೋಳಿಗಿಂತ ಜಾಸ್ತಿ ದುಡಿಯೋದು ಕಣ್ಣು, ನಾಲಿಗೆ. ಬಹಳ ವರ್ಷ ಬೀಗದಕೈ ಗೊಂಚಲು ಸೊಂಟಕ್ಕೆ ಸಿಕ್ಕಿಸ್ಕೊಂಡು ತಿರುಗಿದೋನು ನಾನು, ಅದಕ್ಕೇ ಹೇಳ್ತಿರೋದು.

ರಾತ್ರಿ ಕೈದಿಗಳ ಎಣಿಕೆ ಒಂದನ್ನೇ ತಗೋ. ಕಂಬಳಿ ಉಬ್ಬಿದೆ, ಒಳಗೆ ಆಳು ಇದಾನೆ ಅಂತ ಟಿಕ್ ಹಾಕೋ ಹಾಗಿಲ್ಲ, ಚರ್ಮ ಕಾಣ್ಬೇಕು, ಉಸಿರಾಡೋದು ಕಾಣ್ಬೇಕು, ಅಲ್ಲೀವರೆಗೂ ಟಾರ್ಚ್ ಹಿಡ್ಕೊಂಡು ಸೆಲ್ ಮುಂದೆ ನಿಂತಿರ್ಬೇಕು. 1962ರಲ್ಲಿ ಅಮೆರಿಕದ ಅಲ್ಕಟ್ರಾಜ್ ಜೈಲಿಂದ ಮೂವರು ಪರಾರಿಯಾದಾಗ ಹಾಸಿಗೆ ಮೇಲೆ ಬಿಟ್ಟು ಹೋಗಿದ್ದು ನಿಜವಾದ ಕೂದಲು ಅಂಟಿಸಿದ ಬೊಂಬೆ ತಲೆಗಳನ್ನ, ಬೆಳಗಾಗೋವರೆಗೂ ಯಾರಿಗೂ ಗೊತ್ತೇ ಆಗ್ಲಿಲ್ಲ. ಪರಾರಿ ಬಿಡು, ಅಪರೂಪ. ಹೊಸದಾಗಿ ಒಳಗೆ ಬಂದೋನು ಮೊದಲ ದಿನಗಳಲ್ಲೇ ಜೀವ ಕಳ್ಕೊಳ್ಳೋಕೆ ನೋಡೋದು ಅಷ್ಟು ಅಪರೂಪ ಅಲ್ಲ, ಅವನು ಊಟ ಮುಟ್ಟಿಲ್ಲ, ಯಾರ ಜೊತೇನೂ ಮಾತಾಡಿಲ್ಲ ಅನ್ನೋದು ಮೊದ್ಲು ನಿನ್ ಕಣ್ಣಿಗೇ ಬೀಳ್ಬೇಕು.

ಇನ್ನು ನಾಲಿಗೆ. "ಸರ್, ಈ ಚೀಟಿ ಒಂದು ನಮ್ಮನೆಗೆ ತಲುಪಿಸಿ" ಅಂತ ಒಬ್ಬ ಕಣ್ಣೀರು ಹಾಕ್ತಾನೆ, ಪಾಪ ಅನ್ಸುತ್ತೆ, ತಗೊಂಡ್ಯೋ ಮುಗೀತು. ಆಮೇಲೆ ಸಿಮ್ ತಂದ್ಕೊಡಿ ಅಂತಾನೆ, ಆಗಲ್ಲ ಅಂದ್ರೆ ಚೀಟಿ ವಿಷ್ಯ ಸಾಹೇಬ್ರಿಗೆ ಹೇಳ್ತೀನಿ ಅಂತಾನೆ. ಮೊದಲನೇ ದಿನಾನೇ ನಗ್ತಾನೇ "ಆಗಲ್ಲ" ಅನ್ನೋದು ಕಲಿ. ಹಾಗಂತ ಮುಖ ಗಂಟು ಹಾಕ್ಕೊಂಡಿದ್ರೂ ಕೆಲಸ ಕೆಡುತ್ತೆ, ಯಾಕಂದ್ರೆ ಬ್ಯಾರಕ್‌ನಲ್ಲಿ ನಾಳೆ ಹೊಡೆದಾಟ ಇದೆ ಅಂತ ನಿನ್ ಕಿವೀಲಿ ಹೇಳೋನೂ ಒಬ್ಬ ಕೈದೀನೇ, ಮರ್ಯಾದೆ ಕೊಟ್ಟು ಮಾತಾಡಿಸಿದ್ರೆ ಮಾತ್ರ ಹೇಳ್ತಾನೆ. ಅಲ್ಲದೆ ಕೈದಿಗಳ ಮಧ್ಯೆ ಓಡಾಡೋ ಸಿಬ್ಬಂದಿ ಹತ್ರ ಮಾಮೂಲಿಯಾಗಿ ಆಯುಧ ಇರಬಾರದು, ಆತ್ಮರಕ್ಷಣೆ, ಪರಾರಿ ಯತ್ನ, ಆದೇಶಕ್ಕೆ ಪ್ರತಿರೋಧ ಇಂಥ ಹೊತ್ತಲ್ಲಿ ಮಾತ್ರ ಬಲಪ್ರಯೋಗ, ಅದೂ ಬೇಕಾದಷ್ಟೇ ಅಂತ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಲ್ಲೇ ಇದೆ. ಒಂಟಿ ಸೆರೆ ಕೂಡ ಸತತವಾಗಿ 15 ದಿನ ಮೀರೋ ಹಾಗಿಲ್ಲ.

ಅಮ್ಮನ ಮಾತು ಪೂರ್ತಿ ತಳ್ಳಿಹಾಕ್ಬೇಡ. ಕಳ್ಳ ಆಗಲ್ಲ, ಆದ್ರೆ ಡ್ಯೂಟಿ ಮನೆಗೂ ಬರುತ್ತೆ. ನಾನು ರಾತ್ರಿ ಎದ್ದು ಬಾಗಿಲ ಚಿಲಕ ಎರಡೆರಡು ಸಲ ಎಳೆದು ನೋಡ್ತಿದ್ದೆ, ಮಕ್ಕಳ ಹತ್ರ ಆರ್ಡರ್ ಹಾಕೋ ಥರಾನೇ ಮಾತಾಡ್ತಿದ್ದೆ, ನನ್ ಹೆಂಡ್ತಿ "ಇದು ಬ್ಯಾರಕ್ ಅಲ್ಲ ರೀ" ಅಂತ ಎಷ್ಟು ಸಲ ಬೈದಿದಾಳೋ.

ಅರ್ಜಿ ಹಾಕು. ಓಟದ ಜೊತೆಗೆ ದಿನಾ ಒಂದು ಪುಟ ಬರೆಯೋದನ್ನೂ ರೂಢಿ ಮಾಡ್ಕೋ, ಜಗಳ ಆದ್ರೆ ಯಾರು ಮೊದ್ಲು ಕೈ ಎತ್ತಿದ್ರು, ಟೈಮೆಷ್ಟು, ನೀನು ಎಲ್ಲಿ ನಿಂತಿದ್ದೆ ಅಂತ ಶಿಫ್ಟ್ ಮುಗಿಯೋಕೆ ಮುಂಚೆ ರಿಪೋರ್ಟ್ ಬರ್ದು ಕೊಡ್ಬೇಕು, ಅದೇ ಹಾಳೆ ಕೋರ್ಟಿಗೂ ಹೋಗಬಹುದು.